ಅಡುಗೆಮನೆಯ ಓವರ್‌ಹಾಲ್

ನಮ್ಮ ಬೀದಿಯ ಗ್ಯಾರೇಜಿನ ಗೋಡೆಯ ಮೇಲೆ ‘ಇಲ್ಲಿ ಓವರ್‌ಆಯಿಲಿಂಗ್ ಮಾಡಲಾಗುವುದು’ ಎಂದು ಬರೆದಿತ್ತು. ಸ್ಕೂಟರಿಗೆ ಮಾಡಿಸುವ ಎಣ್ಣೆಸ್ನಾನವೇ ಅದೆಂದು ಬಹಳ ಕಾಲ ನಂಬಿದ್ದೆ. ನನ್ನ ಸ್ಕೂಟರಿನ ಕರುಳೆಲ್ಲ ಗೋಣಿತಾಟಿನ ಮೇಲೆ ಹರಡಿಕೊಂಡಿದ್ದನ್ನೂ ಆಮೇಲೆ ಬಿಲ್ಲನ್ನೂ ಕಂಡ ದಿನ ನಿಘಂಟು ತೆಗೆದೆ.

ಓವರ್‌ಹಾಲ್! 17ನೇ ಶತಮಾನದ ಹಡಗಿನವರ ಮಾತು. ರಾಟೆಗೆ ಬಿಗಿದ ಹಗ್ಗವನ್ನು ಹಿಂದಕ್ಕೆಳೆದು ಸಡಿಲಿಸುವುದು. ಬರಬರುತ್ತ ಎಲ್ಲವನ್ನೂ ಬಿಚ್ಚಿ ನೋಡಿ ಮತ್ತೆ ಕಟ್ಟುವುದು ಎಂದಾಯಿತು. ಸರ್ಕಾರಗಳು ತೆರಿಗೆಗೆ, ಪಠ್ಯಕ್ರಮಕ್ಕೆ ಮಾಡುವುದೂ ಇದನ್ನೇ. ನಮ್ಮ ಪತ್ರಿಕೆಗಳ ಬಾಯಲ್ಲಿ ಅದು ‘ಮೇಜರ್ ಸರ್ಜರಿ’. ಕೆಟ್ಟಿದ್ದನ್ನು ಸರಿಮಾಡಿದರೆ ರಿಪೇರಿ. ಚೆನ್ನಾಗಿ ಓಡುತ್ತಿರುವುದನ್ನೂ ಬಿಚ್ಚಿದರೆ ಓವರ್‌ಹಾಲ್. ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರಕ್ಕೆ ಬೋಗಿಗಳು ಹೋಗುವುದೂ ಇದಕ್ಕೇ, ಕಾಲಕಾಲಕ್ಕೆ. ಅಲ್ಲಿ ಬಿಚ್ಚುವವರಿಗೆ ಜೋಡಿಸಲೂ ಬರುತ್ತದೆ ಎನ್ನುವುದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಹೆಂಡತಿ ಮೂರು ದಿನ ತವರಿಗೆ ಹೋದಳು. ಚೆನ್ನಾಗಿ ಓಡುತ್ತಿದ್ದದ್ದು ಮನೆಯಲ್ಲಿ ಒಂದೇ ಇತ್ತು, ಅಡುಗೆಮನೆ.

ಮೊದಲು ಒಗ್ಗರಣೆ ಡಬ್ಬಿಯನ್ನು ವಿಸರ್ಜಿಸಿದೆ. ಏಳು ಬಟ್ಟಲುಗಳ ಸಮ್ಮಿಶ್ರ ಸರ್ಕಾರ ಅವೈಜ್ಞಾನಿಕ ಎನಿಸಿತು. ಆಮೇಲೆ ಎಲ್ಲ ಡಬ್ಬಿಗಳನ್ನೂ ಅಕಾರಾದಿಯಾಗಿ ಜೋಡಿಸಿದೆ: ಅರಿಶಿನ, ಇಂಗು, ಉದ್ದಿನಬೇಳೆ, ಎಳ್ಳು, ಏಲಕ್ಕಿ... ನಿವೃತ್ತ ಕನ್ನಡ ಮೇಷ್ಟ್ರ ಕೈಗೆ ಅಡುಗೆಮನೆ ಸಿಕ್ಕರೆ ಇನ್ನೇನಾದೀತು? ಸಾರಿನಪುಡಿ ‘ಸ’ಕ್ಕೋ ‘ಪ’ಕ್ಕೋ ಎಂಬ ಪ್ರಶ್ನೆಗೇ ಒಂದು ಮಧ್ಯಾಹ್ನ ಹೋಯಿತು. ಎಲ್ಲ ಮುಗಿದ ಮೇಲೆ ಒಂದು ಮುಚ್ಚಳ ಉಳಿಯಿತು. ಸ್ಕೂಟರ್ ಜೋಡಿಸಿದ ಮೇಲೂ ಒಂದು ನಟ್ಟು ಉಳಿದಿತ್ತು. ಅದು ‘ಎಕ್ಸ್‌ಟ್ರಾ’ ಎಂದಿದ್ದ ಮೆಕ್ಯಾನಿಕ್. ನಾನೂ ಹಾಗೇ ಅಂದುಕೊಂಡೆ.

ಊರಿಂದ ಬಂದವಳು ಹಾಲಿಟ್ಟು, ಪಕ್ಕದ ಒಲೆಯಲ್ಲಿ ಒಗ್ಗರಣೆಗೆ ಎಣ್ಣೆಯಿಟ್ಟು, ನೋಡದೆಯೇ ಎಡಗೈ ಚಾಚಿದಳು. ಕೈಗೆ ಸಿಕ್ಕಿದ್ದು ಗಸಗಸೆ.

“ಸಾಸಿವೆ ಎಲ್ಲಿ?”

“‘ಸ’ದಲ್ಲಿ. ಕೆಳಗಿನ ಶೆಲ್ಫು, ಸಕ್ಕರೆ ಆದಮೇಲೆ.”

“ಧನಿಯ?”

“‘ಕ’ದಲ್ಲಿ, ಕೊತ್ತಂಬರಿ ಅಂತ.”

“ಮೆಂತ್ಯ?”

ಮೆಂತ್ಯ ‘ಮ’ದಲ್ಲಿರಲಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿತ್ತು, ನಾನು ಚೀಟಿ ಓದಿ ‘ಹ’ದಲ್ಲಿಟ್ಟಿದ್ದೆ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿ ಇಬ್ಬರೂ ಕೆಮ್ಮತೊಡಗಿದೆವು.

“ಏನ್ರೀ ಇದು?”

“ಓವರ್‌ಹಾಲ್,” ಎಂದು ಗಂಟಲು ಸರಿಮಾಡಿಕೊಂಡೆ. “ನಾಮಪದವಾದರೆ ಒತ್ತು ಓವರ್ ಮೇಲೆ, ಕ್ರಿಯಾಪದವಾದರೆ ಹಾಲ್ ಮೇಲೆ. ಮೂಲತಃ ಇದು ನಾವಿಕರು ಹಗ್ಗವನ್ನು...”

“ನಿಮ್ಮ ಓವರ್ ಮುಗೀತಾ? ಹಾಲು ನೋಡಿ.”

ಅದು ಉಕ್ಕಿ, ಒಲೆ ನಂದಿಸಿ, ಕಟ್ಟೆಯಂಚಿನಿಂದ ನನ್ನ ‘ಸ’ಕಾರದ ಶೆಲ್ಫಿಗೆ ಇಳಿಯುತ್ತಿತ್ತು. ಒರೆಸಲು ಓಡಿದೆ. ಮಸಿಬಟ್ಟೆಯನ್ನು ‘ಮ’ದಲ್ಲಿಟ್ಟಿದ್ದೆನೋ ‘ಬ’ದಲ್ಲೋ ನೆನಪಾಗಲಿಲ್ಲ.