ರಿಂಕಲ್‌ಫ್ರೀ ಮಾಮ್

ಉಡುಪಿ ಕಡೆಯ ಯಾವ ಬ್ಯಾಂಕಿಗೆ ಹೋದರೂ, ಯಾವ ಮದುವೆ ಹಾಲಿನಲ್ಲಿ ಕೂತರೂ ಅಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮಳೆ, ಮೀನಿನ ರೇಟು, ಮಗನ ಕೆಲಸ ಎಂದು ಮಾತಾಡುತ್ತಾ ನಿಮ್ಮ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜುತ್ತಾರೆ. ಅದನ್ನು ಪ್ರೀತಿ ಎಂದುಕೊಳ್ಳಬೇಡಿ.

"ಕಾಟನ್ ಅಲ್ವಾ?"

"ಹೌದು."

"ಎಷ್ಟು ಸಮಯ ಆಯ್ತು?"

ಮುಖದಲ್ಲಿ ನಿಜವಾದ ಮರುಕ ಇರುತ್ತದೆ. ಮುಂದಿನ ಪ್ರಶ್ನೆ ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತಾ ಎಂಬುದೇ ಇರಬೇಕು ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ.

ನಮ್ಮ ಪಾಲಿಗೆ ಬಂದವರ ಹೆಸರು ರಿಂಕಲ್‌ಫ್ರೀ ಮಾಮ್. ಹಾಗೆ ಕರೆಯುವುದು ಬೆನ್ನ ಹಿಂದೆ ಅಲ್ಲ, ಎದುರಿಗೇ. ಸಿಂಡಿಕೇಟ್ ಬ್ಯಾಂಕಿಗೆ ಸೇರಿದವರು, 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ತಾವೂ ವಿಲೀನವಾದರು. ಮನೆ ಮಣಿಪಾಲದ ಇಳಿಜಾರಿನಲ್ಲಿ, ಕೆಲಸ ಇನ್‌ಸ್ಪೆಕ್ಷನ್. ಇವತ್ತು ಕಾರ್ಕಳ, ನಾಳೆ ಕಾಪು, ನಾಡಿದ್ದು ರಾತ್ರಿ ಬೆಂಗಳೂರಿನ ರೈಲು. ಅವರ ಖಾಯಂ ಮಾತು ಒಂದೇ: "ನಾನು ಬಟ್ಟೆಗೆಲ್ಲ ತಲೆ ಕೆಡಿಸಿಕೊಳ್ಳುವ ಜನ ಅಲ್ಲ ಮಾರಾಯ್ರೆ." ಈ ಮಾತನ್ನು ಸಾಬೀತು ಮಾಡಲಿಕ್ಕೆ ಅವರು ಕೆಡಿಸಿಕೊಂಡಷ್ಟು ತಲೆಯನ್ನು ಊರಿನ ಯಾವ ಮದುಮಗನೂ ಕೆಡಿಸಿಕೊಂಡದ್ದಿಲ್ಲ.

ಅಂಗಿ ಕೊಳ್ಳಲು ಹೊರಟರೆಂದರೆ ಆ ದಿನಕ್ಕೆ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಅಂಗಡಿಯ ಹುಡುಗ ಬಣ್ಣ ತೋರಿಸಲು ಶುರು ಮಾಡಿದರೆ ಕೈ ಅಡ್ಡ ಹಿಡಿಯುತ್ತಾರೆ. ಕನ್ನಡಕ ಹಣೆಗೇರಿಸಿ, ಅಂಗಿಯನ್ನು ಒಳಮಗ್ಗುಲು ಮಾಡಿ, ಪಕ್ಕೆಯ ಹೊಲಿಗೆಯಲ್ಲಿ ಅಡಗಿರುವ ಆ ಚಿಕ್ಕ ಪಟ್ಟಿಯನ್ನು ಓದುತ್ತಾರೆ. ಕಾಲರಿನ ಪಟ್ಟಿಯಲ್ಲಿ ಇರುವುದು ಕಂಪೆನಿಯ ಹೆಸರು, ಪಕ್ಕೆಯ ಪಟ್ಟಿಯಲ್ಲಿ ಇರುವುದು ಸತ್ಯ ಎನ್ನುವುದು ಅವರ ಸಿದ್ಧಾಂತ. ಅದಾದ ಮೇಲೆ ಮುಷ್ಟಿ ಪರೀಕ್ಷೆ. ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಂಡಿ, ಕಣ್ಣು ಮುಚ್ಚಿ, ಹತ್ತು ಎಣಿಸಿ ಬಿಡುತ್ತಾರೆ. ಹುಡುಗನೂ ಉಸಿರು ಬಿಗಿ ಹಿಡಿಯುತ್ತಾನೆ. ಗೆರೆ ಉಳಿದರೆ ಅಂಗಿ ಫೇಲು. ಉಳಿಯದಿದ್ದರೆ ಕಾಲರಿಗೆ ವೈವಾ: ಒಳಗಿನ ಅಂಟುಪದರ ಕಳಪೆಯಾದರೆ ನಾಲ್ಕು ಒಗೆತದಲ್ಲಿ ಅದು ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ನಂತರ ಹೊಲಿಗೆ: ಬಟ್ಟೆ ಎಷ್ಟು ಸಪಾಟಾಗಿದ್ದರೂ ಹೊಲಿಗೆಯ ಸಾಲು ಸೆಳೆದುಕೊಂಡರೆ ಗುಟ್ಟು ರಟ್ಟು. ನೇಯ್ಗೆ ಪಾಪ್ಲಿನ್ ಆದರೆ ಬೇಡ, ಓರೆಗೆರೆಯ ಟ್ವಿಲ್ ಆಗಬಹುದು, ಅದು ಕಡಿಮೆ ಮುದುಡುತ್ತದೆ. ಏಕಬಣ್ಣ ಬೇಡ, ಸಣ್ಣ ಚೌಕುಳಿ ಇರಲಿ. ಸುಕ್ಕು ಬಿದ್ದರೂ ಚೌಕುಳಿಯ ನಡುವೆ ಕಾಣಿಸುವುದಿಲ್ಲ. ಈ ಎಲ್ಲ ಜರಡಿ ಹಿಡಿದ ಮೇಲೆ ಪ್ರತಿ ಸಲವೂ ಕೈಗೆ ಬರುವುದು ಹತ್ತಿ ಅರವತ್ತು, ಪಾಲಿಯೆಸ್ಟರ್ ನಲವತ್ತರ ತಿಳಿನೀಲಿ ಚೌಕುಳಿಯ ಅಂಗಿ. ಅವರ ಕಪಾಟು ತೆಗೆದರೆ ಒಂದೇ ಅಂಗಿಯನ್ನು ಕನ್ನಡಿಗಳ ನಡುವೆ ತೂಗಹಾಕಿದ್ದಾರೋ ಅನಿಸುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಮಾಮ್‌ನ ವೈರಿ ಕಾಲ್ಪನಿಕ ಅಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಆಟಿ ತಿಂಗಳಲ್ಲಿ ಸೋಮವಾರ ಒಗೆದ ಬನಿಯನ್ ಗುರುವಾರ ಮುಟ್ಟಿದರೂ ತಣ್ಣಗೆ ಇರುತ್ತದೆ. ಹಿಂದೆಲ್ಲ ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸಿ, ಆಫೀಸಿನಲ್ಲಿ ಯಾರ ಮನೆಯಲ್ಲಿ ಯಾವ ಸೌದೆ ಉರಿಯುತ್ತದೆ ಎಂದು ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಇಸ್ತ್ರಿ ಮಾಡೋಣವೆಂದರೆ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟಿಲ್ಲ. ಗೆರಟೆ ಕೆಂಡದ ಇಸ್ತ್ರಿಪೆಟ್ಟಿಗೆ ಅಟ್ಟ ಸೇರಿದೆ.

ವೈರಿಯ ಯುದ್ಧತಂತ್ರವನ್ನೂ ಮಾಮ್ ಅಭ್ಯಾಸ ಮಾಡಿದ್ದಾರೆ. ನಿರ್ಮಲ ಮನಸ್ಸಿನಿಂದ ಲೋನ್ ಕೇಳಲು ಬಂದವರಿಗೂ ವಿವರಿಸುತ್ತಾರೆ. ಹತ್ತಿಯ ಎಳೆಯೊಳಗೆ ಸೆಲ್ಯುಲೋಸಿನ ಸರಪಳಿಗಳಿವೆ. ಅವನ್ನು ಪರಸ್ಪರ ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧ. ನೀರು ತಾಗಿದರೆ, ಬೆವರು ತಾಗಿದರೂ, ಆ ಹಿಡಿತ ಸಡಿಲವಾಗುತ್ತದೆ. ಬಟ್ಟೆ ಮಡಚಿಕೊಂಡಿದ್ದ ಹಾಗೆಯೇ ಒಣಗಿದರೆ ಮಡಚಿದಲ್ಲೇ ಮತ್ತೆ ಬಿಗಿಯುತ್ತದೆ. ಇದೇ ಸುಕ್ಕು. ಇಸ್ತ್ರಿಯೂ ಮಾಡುವುದು ಇದನ್ನೇ, ಆದರೆ ನಮ್ಮ ಕಡೆ ನಿಂತು: ನೀರು ಚಿಮುಕಿಸಿ ಬಿಡಿಸುವುದು, ಬಿಸಿ ಕೊಟ್ಟು ನೆಟ್ಟಗೆ ಕೂರಿಸುವುದು. ಹತ್ತಿ ಹದವಾದ ಹವೆಯಲ್ಲೇ ತನ್ನ ತೂಕದ ಶೇ. 8ರಷ್ಟು ತೇವ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಅರ್ಧ ಶೇಕಡವನ್ನೂ ಹೀರುವುದಿಲ್ಲ. "ಅದಕ್ಕೆ ಸಂಸಾರದ ಗೊಡವೆಯೇ ಇಲ್ಲ" ಎಂದು ಮಾಮ್ ಪಾಲಿಯೆಸ್ಟರನ್ನು ಹೊಗಳುವಾಗ ಕಣ್ಣು ಮಿನುಗುತ್ತದೆ.

ಅವರ ಇಷ್ಟದೇವತೆಯ ಹೆಸರು ರೂತ್ ಬೆನೆರಿಟೊ. ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ಕೂತು, ಹತ್ತಿಯ ಸರಪಳಿಗಳ ನಡುವೆ ನೀರಿಗೆ ಜಗ್ಗದ ಅಡ್ಡಸೇತುವೆ ಕಟ್ಟುವ ದಾರಿ ಹುಡುಕಿದವರಲ್ಲಿ ಮುಖ್ಯರು. ಅವರ ಹೆಸರಿನಲ್ಲಿ 55 ಪೇಟೆಂಟುಗಳಿದ್ದವು. 2013ರಲ್ಲಿ ಆಕೆ ತೀರಿಕೊಂಡ ಸುದ್ದಿ ಓದಿ ಮಾಮ್ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸ್ಟಾಫಿಗೆಲ್ಲ ತಿಳಿಸಿದರು. ಹೊಸದಾಗಿ ಸೇರಿದ ಕ್ಲಾರ್ಕ್ ಹುಡುಗಿ, ಸಂಬಂಧಿಕರೆಂದುಕೊಂಡು, "ಬಾಡಿ ಯಾವಾಗ ಬರ್ತದೆ ಸರ್?" ಎಂದು ಕೇಳಿದಳಂತೆ. ಅಡ್ಡಸೇತುವೆ ಕಟ್ಟಿದ ಹತ್ತಿ ಸ್ವಲ್ಪ ಬಿರುಸಾಗುತ್ತದೆ, ಕಾಲರು ಮತ್ತು ಕಫ್ಫಿನ ಅಂಚು ಬೇಗ ಸವೆಯುತ್ತದೆ ಎಂಬ ಮಾತನ್ನು ಮಾತ್ರ ಮಾಮ್ ನುಂಗಿಕೊಳ್ಳುತ್ತಾರೆ. ದೇವತೆಯ ದೋಷ ಎತ್ತಿ ಆಡಬಾರದು.

ಈ ಜಾತಿಯ ಜನ ಇಂದು ಹುಟ್ಟಿದವರಲ್ಲ. ಮಾಮ್‌ನ ತಂದೆಯವರ ಕಾಲದಲ್ಲಿ ಟೆರಿಲಿನ್ ಇತ್ತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ನೂಲು ಅದು, ಬೊಂಬಾಯಿ ಹೋಟೆಲಿನಲ್ಲಿದ್ದ ನೆಂಟರ ಟ್ರಂಕಿನಲ್ಲಿ ಉಡುಪಿಗೆ ಇಳಿಯಿತು. ಒಗೆದು ಕೊಡವಿದರೆ ಒಣಗಿತು ಎಂಬ ಅಂಗಿ. ಒಂದೇ ತೊಡಕು, ಜೇಬಿನಲ್ಲಿರುವ ನೋಟು ಎಷ್ಟರದ್ದು ಎಂದು ಎದುರಿನವನಿಗೆ ಕಾಣುತ್ತಿತ್ತು. ಸಾಲ ಕೇಳುವವರಿಗೆ ಅನುಕೂಲ, ಕೊಡುವವರಿಗೆ ಕಷ್ಟ. ಆಮೇಲೆ ದುಬೈ, ಮಸ್ಕತ್ತಿನಿಂದ ಬರುವವರು ಸೆಂಟು, ಟೇಪ್ ರೆಕಾರ್ಡರಿನ ಜೊತೆ ಶರ್ಟ್ ಪೀಸ್ ತರುವ ಕಾಲ ಬಂತು. ಮಾಮ್ ಇನ್ನೂ ಹಿಂದಕ್ಕೆ ಹೋಗುತ್ತಾರೆ: ಖಾಕಿ ಬಣ್ಣ ಹಾಕಿದ್ದೇ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಎನ್ನುವುದು ನಮ್ಮ ಕರಾವಳಿಯ ಹಳೆಯ ಹೆಮ್ಮೆಯಲ್ಲವೇ? "ಕೊಳೆ ಕಾಣದ ಬಟ್ಟೆ ಮಾಡಿದ್ದು ನಾವು. ಸುಕ್ಕು ಕಾಣದ್ದು ಬಾಕಿ ಇತ್ತು."

ಒಂದು ಇರುಸುಮುರುಸು ಮಾತ್ರ ಇದೆ. ಅವರಿಗೆ ಅನ್ನ ಕೊಟ್ಟ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದೇ ಕೈಮಗ್ಗದ ನೇಕಾರರು ಸೋತು ಕೂತಿದ್ದಾಗ ಅವರಿಗೆ ದುಡ್ಡಿನ ಆಸರೆಯಾಗಲೆಂದು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ್ದು. ಯೂನಿಯನ್ನಿನ ಒಬ್ಬರು ಇದನ್ನು ನೆನಪಿಸಿ, "ಮಾಮ್, ನಿಮ್ಮ ಮೈಮೇಲೆ ನೇಕಾರರ ಒಂದು ನೂಲೂ ಇಲ್ಲವಲ್ಲ" ಎಂದು ಚುಚ್ಚಿದರು. ಮಾಮ್ ಮರುದಿನವೇ ಹೋಗಿ ಹೆಂಡತಿಗೆ, ಅಂದರೆ ನಮ್ಮ ಮಾಯಿಗೆ, ಒಂದು ಉಡುಪಿ ಕೈಮಗ್ಗದ ಸೀರೆ ತಂದರು. ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಮಾಯಿಯ ಕೆಲಸವಾದ್ದರಿಂದ ಸಿದ್ಧಾಂತಕ್ಕೆ ಭಂಗ ಬರಲಿಲ್ಲ.

ಮಾಯಿಯನ್ನು ಕೇಳಿದರೆ ಕಥೆ ಬೇರೆ. ಇಸ್ತ್ರಿ ಬೇಡದ ಅಂಗಿ ಒಗೆಯುವುದಕ್ಕೆ ಮನೆಯಲ್ಲಿ ಶಾಸ್ತ್ರವಿದೆ: ಹಿಂಡಬಾರದು, ಕುಟ್ಟಬಾರದು, ಮೆಷಿನ್ನಿನಲ್ಲಿ ತುಂಬ ತಿರುಗಿಸಬಾರದು, ನೀರು ಸೋರುವಾಗಲೇ ಹ್ಯಾಂಗರಿಗೆ ಹಾಕಬೇಕು, ಮೇಲಿನ ಗುಂಡಿ ಹಾಕಬೇಕು, ಕಾಲರನ್ನು ಎರಡು ಕೈಯಲ್ಲಿ ಎಳೆದು ನೇವರಿಸಬೇಕು. "ಮಕ್ಕಳನ್ನು ಇಷ್ಟು ನೇವರಿಸಿದ್ದರೆ ಅವರು ಅಮೆರಿಕಕ್ಕೆ ಹೋಗ್ತಿರಲಿಲ್ಲ" ಎಂದು ಮಾಯಿ ಒಮ್ಮೆ ಅಂದದ್ದುಂಟು.

ಮಾಮ್‌ನ ನಿಜವಾದ ಪ್ರತಿಭೆ ಅರಳುವುದು ಪ್ರಯಾಣದಲ್ಲಿ. ಅಂಗಿಗಳನ್ನು ಮಡಚುವುದಿಲ್ಲ, ಸುರುಳಿ ಸುತ್ತುತ್ತಾರೆ. ಅವರ ಬ್ಯಾಗು ತೆರೆದರೆ ಬೇಯಿಸಲು ಇಟ್ಟ ಪತ್ರೊಡೆಯ ಹಾಗೆ ಸಾಲು ಸಾಲು. ಇಂದ್ರಾಳಿಯ ಸ್ಟೇಷನ್ನಿನಲ್ಲಿ ಪಂಚಗಂಗಾ ಹತ್ತಿ, ಮೇಲಿನ ಬರ್ತಿನಲ್ಲಿ ಮರುದಿನದ ಮೀಟಿಂಗಿನ ಅಂಗಿಯಲ್ಲೇ ಮಲಗುತ್ತಾರೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಮುಖ ತೊಳೆದು, ನೇರ ಹೆಡ್ಡಾಫೀಸು. ಸಹಪ್ರಯಾಣಿಕರೆಲ್ಲ ಮುದುಡಿ ಎದ್ದಿರುವಾಗ ಇವರೊಬ್ಬರು ಅಂಗಡಿಯ ಬೊಂಬೆ ನಡೆದು ಬಂದಂತೆ ಬರುತ್ತಾರೆ. ಪ್ಯಾಂಟಿನ ಬಗ್ಗೆ ಯಾರೂ ಏನೂ ಕೇಳಬಾರದು. ಪ್ಯಾಂಟು ಅವರ ಸಂಶೋಧನೆಯ ವ್ಯಾಪ್ತಿಯಲ್ಲಿಲ್ಲ. ಲಾಡ್ಜಿನಲ್ಲಿ ಉಳಿದರೆ ರಾತ್ರಿ ಬಕೆಟಿನಲ್ಲಿ ಒಗೆದು, ಲಾಡ್ಜಿನವರ ಟವೆಲಿನಲ್ಲಿ ಸುತ್ತಿ ಮೊಣಕಾಲಿನಿಂದ ಒತ್ತಿ ನೀರು ತೆಗೆದು, ಫ್ಯಾನಿಗೆ ಎದುರಾಗಿ ನೇತುಹಾಕುತ್ತಾರೆ. ಜೊತೆಗೆ ಹೋದ ಅಸಿಸ್ಟೆಂಟ್ ಮ್ಯಾನೇಜರ್ ಒಬ್ಬ ನಡುರಾತ್ರಿ ಎಚ್ಚರವಾಗಿ, ಕತ್ತಲಲ್ಲಿ ತಲೆಯಿಲ್ಲದ ಆಕೃತಿ ಕೈ ಬೀಸುವುದನ್ನು ಕಂಡು ಕೂಗಿದ್ದು ಈಗ ಶಾಖೆಯ ಇತಿಹಾಸ.

ಮಾಮ್‌ಗೆ ಗೊತ್ತಿಲ್ಲದ, ಅಥವಾ ಯಾರೂ ಹೇಳದ ಒಂದು ವಿಷಯ ಇದೆ. ನೀರನ್ನು ಹತ್ತಿರ ಸೇರಿಸದ ಪಾಲಿಯೆಸ್ಟರಿಗೆ ಎಣ್ಣೆ, ಜಿಡ್ಡು ಎಂದರೆ ಪ್ರಾಣ. ಗೋಳಿಬಜೆಯ ಒಂದು ಹನಿ ಬಿದ್ದರೆ ಅದು ಶಾಶ್ವತ ಠೇವಣಿ. ಮೈಯ ಜಿಡ್ಡೂ ಹಾಗೆಯೇ. ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸಂಜೆ ಐದೂವರೆಗೆ ಮಾಮ್ ಮೇಲಿನ ಕಂಬಿ ಹಿಡಿದು ನಿಂತರೆಂದರೆ ಕಂಡಕ್ಟರು ಹೇಳುವ ಮೊದಲೇ ಜನ ಹಿಂದೆ ಹಿಂದೆ ಹೋಗುತ್ತಾರೆ. "ನಮ್ಮ ಕಡೆಯವರು ಎಷ್ಟು ಮರ್ಯಾದೆಯವರು ನೋಡಿ" ಎನ್ನುತ್ತಾರೆ ಮಾಮ್.

ಕಾಪುವಿನ ಶಾಖೆಗೆ ಹೋದ ದಿನ ದೀಪಸ್ತಂಭದ ಬುಡದ ಬಂಡೆಯ ಮೇಲೆ ನಿಂತು ಗಾಳಿಯ ಪರೀಕ್ಷೆ ಮುಗಿಸಿದರು. ಕಾರ್ಕಳದಲ್ಲಿ ಮಾತ್ರ ಅವರಿಗೆ ಸೋಲಾಯಿತು. ಇನ್‌ಸ್ಪೆಕ್ಷನ್ ಬೇಗ ಮುಗಿದು ಎಲ್ಲರೂ ಬೆಟ್ಟ ಹತ್ತಿದೆವು. 1432ರಿಂದ ಮಳೆಗಾಳಿಗೆ ಮೈಯೊಡ್ಡಿ ನಿಂತ 42 ಅಡಿಯ ಗೊಮ್ಮಟ. ಯೂನಿಯನ್ನಿನವರು ಮೆಲ್ಲಗೆ, "ಮಾಮ್, ನಿಮ್ಮ ದಾರಿಯಲ್ಲಿ ನಿಮಗಿಂತ ಮುಂದೆ ಹೋದವರು" ಎಂದರು. ಮಾಮ್ ಕೈಮುಗಿದು ಬಹಳ ಹೊತ್ತು ನೋಡಿ, ಗಂಭೀರವಾಗಿ ಲೆಕ್ಕ ಹಾಕಿದರು: "ಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಒಣಗಿಸಲಿಕ್ಕೂ ಇಲ್ಲ."

ಕೃಷ್ಣಮಠದಲ್ಲಾದರೂ ಅಂಗಿಗೆ ಬಿಡುವು ಇದ್ದೀತು ಎಂದುಕೊಂಡರೆ ತಪ್ಪು. ದರ್ಶನಕ್ಕೆ ಹೋಗುವ ಗಂಡಸರು ಅಂಗಿ ಬನಿಯನ್ ತೆಗೆಯಬೇಕಲ್ಲ, ಎಲ್ಲರೂ ಅದನ್ನು ಜೋಪಾನವಾಗಿ ತೋಳ ಮೇಲೆ ಹಾಕಿಕೊಂಡರೆ ಮಾಮ್ ಬೇಕೆಂದೇ ಉಂಡೆ ಮಾಡಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಸಾಲಿನಲ್ಲಿ ನೂಕಿಸಿಕೊಂಡು, ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ಕಂಡು, ಹೊರಗೆ ಬಂದು ಅಂಗಿ ಕೊಡವುತ್ತಾರೆ. ಗೆರೆ ಇಲ್ಲ! ಪಕ್ಕದಲ್ಲಿದ್ದ ದಾವಣಗೆರೆಯ ಭಕ್ತರೊಬ್ಬರಿಗೆ ತೋರಿಸಿದರೆ ಅವರು ಅದನ್ನೂ ಕ್ಷೇತ್ರದ ಮಹಿಮೆ ಎಂದು ಕೈಮುಗಿದರು.

ಆದರೆ ಕಾಲ ಕೆಟ್ಟಿತು. ತಂಗಿಯ ಮಗಳನ್ನು ನೋಡಲು ಮಣಿಪಾಲದ ಒಬ್ಬ ಡಾಕ್ಟರ್ ಹುಡುಗ ಮನೆಯವರೊಂದಿಗೆ ಬಂದ. ಅಪ್ಪ ಮಗ ಇಬ್ಬರ ಅಂಗಿಯೂ ಬೆನ್ನಿಂದ ತೋಳಿನವರೆಗೆ ಸುಕ್ಕೋ ಸುಕ್ಕು. ಮಾಮ್ ಒಳಗೆ ಬಂದು ತಂಗಿಗೆ, "ಪಾಪ, ತಾಯಿ ಇಲ್ಲದ ಮನೆಯಾ?" ಎಂದು ಪಿಸುಗುಟ್ಟಿದರು. ತಾಯಿ ಹೊರಗೆ ಸೋಫಾದಲ್ಲೇ ಕೂತಿದ್ದರು. ಕಾಫಿಯ ನಡುವೆ ಮಾಮ್‌ನ ಎರಡು ಬೆರಳು ಹುಡುಗನ ತೋಳು ಮುಟ್ಟಿದವು. "ಲಿನನ್ ಅಂಕಲ್. ಸುಕ್ಕು ಇದ್ದರೇ ಲುಕ್ಕು" ಎಂದ ಹುಡುಗ. ಬೆಲೆ ಕೇಳಿದರೆ ಮಾಮ್‌ನ ಮೂರು ಅಂಗಿಯ ದುಡ್ಡು. ಸುಕ್ಕಿಗೂ ದುಡ್ಡು ಕೊಡುವ ಜನ ಇದ್ದಾರೆ ಎಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಎರಡು ದಿನ ಬೇಕಾಯಿತು. ಸಂಬಂಧ ಕೂಡಿಬಂತು. ಮದುವೆಯ ಫೋಟೋಗಳಲ್ಲಿ ಮಾಮ್ ಅಳಿಯನಿಂದ ಒಂದು ಮಾರು ದೂರ ನಿಂತಿದ್ದಾರೆ, ಅಂಟುಜಾಡ್ಯದ ಭಯ.

ಮೊನ್ನೆ ಅವರಿಗೆ ನಿವೃತ್ತಿ. ಬೀಳ್ಕೊಡುಗೆಗೆಂದೇ ಕೊಂಡ ಹೊಸ ಅಂಗಿ ತೊಟ್ಟು ಬಂದಿದ್ದರು. ಕುರ್ಚಿಯಲ್ಲಿ ಕೂರಿಸಿ ತಲೆಗೆ ಪೇಟ ಇಟ್ಟರು, ಕೊರಳಿಗೆ ಗಂಧದ ಮಾಲೆ, ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಮೇಲಿಂದ ದೊಡ್ಡದೊಂದು ಶಾಲು. ಅಂಗಿಯ ಒಂದು ಚೌಕುಳಿಯೂ ಕಾಣದಂತೆ ಸನ್ಮಾನ ಸಂಪೂರ್ಣವಾಯಿತು. ಮೈಕಿನಲ್ಲಿ ಮುಖ್ಯ ಅತಿಥಿಗಳು ಅವರ ಪ್ರಾಮಾಣಿಕತೆ, ಸರಳತೆ ಎಂದು ಏರುದನಿಯಲ್ಲಿ ಹೇಳುತ್ತಿದ್ದರು. ಮಾಮ್‌ನ ಎರಡು ಬೆರಳು ಶಾಲಿನ ಅಂಚನ್ನು ಹುಡುಕಿಕೊಂಡು ಹೋದವು. ಉಜ್ಜಿದವು. ಅಂಚನ್ನು ಮಗುಚಿ, ಪೇಟ ಬೀಳದಂತೆ ತಲೆ ಬಗ್ಗಿಸಿ, ಪಟ್ಟಿ ಓದಿದರು. ಸಭೆ ಚಪ್ಪಾಳೆ ತಟ್ಟುವ ಹೊತ್ತಿಗೆ ನನ್ನತ್ತ ಬಾಗಿ ಕಿವಿಯಲ್ಲಿ ಹೇಳಿದರು:

"ನೂರಕ್ಕೆ ನೂರು ಪಾಲಿಯೆಸ್ಟರ್ ಮಾರಾಯ್ರೆ. ಆಟಿಯಲ್ಲೂ ಒಂದು ಗಂಟೆಯಲ್ಲಿ ಒಣಗ್ತದೆ."