ಕ್ರಿಯಾಗುಂಪುಗಳ ಪತ್ತೆ ಮತ್ತು ನಾಮಕರಣ: ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಿಗೆ ಅನ್ವಯಿಸಿದಂತೆ

ಇಂಗಾಲದ ಸರಪಳಿಗೆ ಸ್ವಂತ ಸ್ವಭಾವ ಕಡಿಮೆ. ಅದರ ನಡತೆಯನ್ನು ನಿರ್ಧರಿಸುವುದು ಅದಕ್ಕೆ ಅಂಟಿಕೊಂಡ ಪರಮಾಣುಗಳ ಸಣ್ಣ ತಂಡ. ಇದಕ್ಕೆ ಕ್ರಿಯಾಗುಂಪು ಎಂದು ಹೆಸರು. ಈಥೇನಿನ ಒಂದು ಹೈಡ್ರೋಜನ್ ಬಿಡಿಸಿ ಆ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪನ್ನು ಕೂರಿಸಿದರೆ ಎಥನಾಲ್ ಎಂಬ ಹೊಸ ಹೆಸರು, ಹೊಸ ಗುಣ ಹಾಗೂ ಅಬಕಾರಿ ಇಲಾಖೆಯ ಮೇಲ್ವಿಚಾರಣೆ ಏಕಕಾಲಕ್ಕೆ ಪ್ರಾಪ್ತವಾಗುತ್ತವೆ.

ನಂಜನಗೂಡಿನಲ್ಲಿ ಹೆಚ್ಚಾಗಿ ಅಧ್ಯಯನಕ್ಕೆ ಒಳಗಾಗುವುದು ಎಸ್ಟರ್ ಎಂಬ ಕ್ರಿಯಾಗುಂಪು. ಬಾಳೆಹಣ್ಣಿನ ಪರಿಮಳದ ಮುಖ್ಯ ಕಾರಣ ಐಸೋಅಮೈಲ್ ಅಸಿಟೇಟ್. ಐಯುಪಿಎಸಿ ಪದ್ಧತಿಯಂತೆ 3-ಮೀಥೈಲ್‌ಬ್ಯೂಟೈಲ್ ಎಥನೋಯೇಟ್. ತಳ್ಳುಗಾಡಿಯವರು ಇದನ್ನು ಪ್ರಯೋಗಾಲಯದ ನೆರವಿಲ್ಲದೆ ಗುರುತಿಸುತ್ತಾರೆ. ವಿಧಾನ ಹೀಗಿದೆ: ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ತೊಟ್ಟಿನ ಭಾಗವನ್ನು ಗ್ರಾಹಕನ ಮೂಗಿನ ಬಳಿ ಹಿಡಿದು, "ಮೂಸ್ ನೋಡಿ ಸಾ, ದೇವರಸನಹಳ್ಳಿ ಮಾಲು" ಎನ್ನಬೇಕು. ಗ್ರಾಹಕರು ಬೆಂಗಳೂರಿನವರೆಂದು ಖಚಿತವಾದಲ್ಲಿ ಯಾವ ತಳಿಯಲ್ಲಾದರೂ ರಸಬಾಳೆಯ ಎಸ್ಟರ್ ದೃಢಪಡುತ್ತದೆ. ಭೌಗೋಳಿಕ ಸೂಚಕ ಪಡೆದ ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗದಿಂದ ತೋಟಗಳಲ್ಲಿ ತೀರಾ ಕುಸಿದಿತ್ತು. ಗಾಡಿಗಳ ಮೇಲೆ ಕುಸಿಯಲಿಲ್ಲ. ರಸಾಯನಶಾಸ್ತ್ರದಲ್ಲಿ ಇಂಥ ಸ್ಥಿತಿಯನ್ನು ಸಮತೋಲನ ಎನ್ನುತ್ತಾರೆ.

ಒಂದೇ ಅಣುವಿನಲ್ಲಿ ಹಲವು ಗುಂಪುಗಳು ಸೇರಿರುವುದೂ ಉಂಟು. ಹಲ್ಲುನೋವಿಗೆ ಒತ್ತಿಕೊಳ್ಳುವ ಲವಂಗದ ಯೂಜಿನಾಲ್‌ನಲ್ಲಿ ಫೀನಾಲಿನ ಹೈಡ್ರಾಕ್ಸಿಲ್, ಈಥರ್ ಬಂಧ, ದ್ವಿಬಂಧ ಮೂರೂ ಇವೆ. ಪೂರ್ಣ ನಾಮಧೇಯ 2-ಮೆಥಾಕ್ಸಿ-4-(ಪ್ರಾಪ್-2-ಈನ್-1-ಐಲ್)ಫೀನಾಲ್. ಇದನ್ನು ತಡವರಿಸದೆ ಉಚ್ಚರಿಸಬಲ್ಲ ರೋಗಿಗೆ ಹಲ್ಲುನೋವು ಇಲ್ಲವೆಂದೇ ತಿಳಿಯತಕ್ಕದ್ದು.

ತಿ. ನರಸೀಪುರದ ಸಮಸ್ಯೆ ಹೆಚ್ಚು ಗಹನವಾದದ್ದು. ಅಲ್ಲಿಯ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಪ್ರತೀತಿ. ವಿಷಯುಕ್ತವಾದ ಈ ಬೀಜದಲ್ಲಿ ಆಬ್ರಿನ್ ಎಂಬ ವಿಷಪ್ರೋಟೀನಲ್ಲದೆ ಟ್ರಿಪ್ಟೊಫ್ಯಾನಿನ ಮೀಥೈಲ್ ರೂಪವೊಂದೂ ಇದ್ದು, ಅದರಲ್ಲಿ ಕಾರ್ಬಾಕ್ಸಿಲ್ ಮತ್ತು ಅಮೈನ್ ಒಟ್ಟಿಗೆ ವಾಸಿಸುತ್ತವೆ. ಪ್ರಧಾನ ಗುಂಪಿಗೆ ಮೀಸಲಾದ, ಹೆಸರಿನ ಕೊನೆಯ ಸ್ಥಾನ ಯಾರಿಗೆ? 1892ರ ಜಿನೀವಾ ಸಮ್ಮೇಳನದಿಂದ ಬೆಳೆದುಬಂದ ನಿಯಮಾವಳಿ ಇದಕ್ಕೊಂದು ಜ್ಯೇಷ್ಠತಾ ಪಟ್ಟಿ ಒದಗಿಸಿದೆ: ಕಾರ್ಬಾಕ್ಸಿಲಿಕ್ ಆಮ್ಲ ಮೇಲೆ, ಅನಂತರ ಎಸ್ಟರ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೈನ್ ಬಹಳ ಕೆಳಗೆ. ಸೋತ ಗುಂಪು ಪೂರ್ವಪ್ರತ್ಯಯವಾಗಿ ಮುಂದೆ ನಿಲ್ಲಬೇಕು. ಅಮೈನ್ ಈವರೆಗೆ ತಕರಾರು ಎತ್ತಿಲ್ಲ, ಬೆಂಬಲಿಗರೊಡನೆ ತಾಲ್ಲೂಕು ಕಚೇರಿಗೂ ಹೋಗಿಲ್ಲ.

1989ರಿಂದ ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆಯುತ್ತಿರುವ ಕುಂಭಮೇಳದ ಫ್ಲೆಕ್ಸ್‌ಗಳಿಗೆ ಈ ಪಟ್ಟಿಯನ್ನು ವಿಸ್ತರಿಸುವುದು ಕಷ್ಟಸಾಧ್ಯ. ಅಲ್ಲಿ ಪ್ರತಿಯೊಂದು ಗುಂಪೂ ಪ್ರಧಾನ ಗುಂಪೇ. 'ಜನಪ್ರಿಯ', 'ಕೊಡುಗೈ ದಾನಿ', 'ಯುವಕರ ಕಣ್ಮಣಿ' ಎಂಬ ಪೂರ್ವಪ್ರತ್ಯಯಗಳನ್ನು ಅಕಾರಾದಿಯಾಗಿ ಜೋಡಿಸುವ ಪರಿಪಾಠವಿಲ್ಲ. ಸರಪಳಿಯ ಉದ್ದಕ್ಕೆ ಮಿತಿಯಿಲ್ಲ. ಕೆಳಸಾಲಿನ ಅಂಚೆಚೀಟಿ ಗಾತ್ರದ ಮುಖಗಳನ್ನು ಪ್ರತ್ಯೇಕವಾಗಿ ಹೆಸರಿಸದೆ 'ಅಭಿಮಾನಿ ಬಳಗ' ಎಂದು ಬರೆದರೆ ಸಾಕು. ಮುದ್ರಕರು ಇಂಥ ಅಣುವಿನ ಗಾತ್ರವನ್ನು ಚದರ ಅಡಿಯಲ್ಲಿ ಲೆಕ್ಕ ಹಾಕಿ, ಮುಂಗಡ ಪಡೆದ ಬಳಿಕವಷ್ಟೇ ಕ್ರಿಯೆಯನ್ನು ಆರಂಭಿಸುತ್ತಾರೆ.