ಉತ್ತರನ ಪೌರುಷ ಎಚ್‌ಆರ್ ಮುಂದೆ

“ನಿಮ್ಮ ಬಗ್ಗೆ ಸ್ವಲ್ಪ ಹೇಳಿ” ಎಂದರೆ ಸಾಕು, ನಮ್ಮ ಹುಡುಗರು ಅಪ್ಪನ ಬಗ್ಗೆ ಹೇಳಲು ಶುರು ಮಾಡುತ್ತಾರೆ. ಮೈ ಫಾದರ್ ಈಸ್ ಎ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮೈ ಮದರ್ ಹೌಸ್‌ವೈಫ್. ನೇಟಿವ್ ಪ್ಲೇಸ್ ಅರಸೀಕೆರೆ. ಅಕ್ಕನ್ನ ತಿಪಟೂರಿಗೆ ಕೊಟ್ಟಿದೆ, ಭಾವ ಕೆಇಬಿಯಲ್ಲಿದ್ದಾರೆ. ಇಷ್ಟು ಹೊತ್ತಿಗೆ ಮೇಜಿನಾಚೆ ಕೂತ ಎಚ್‌ಆರ್ ಮೇಡಂಗೆ, ಕೆಲಸ ಬೇಕಾಗಿರುವುದು ಇವನಿಗೋ ಇವನ ಭಾವನಿಗೋ ಎಂಬ ಅನುಮಾನ ಬಂದಿರುತ್ತದೆ.

ಕೋಚಿಂಗಿನವರು ಇದನ್ನು ಮಹಾಪರಾಧ ಎನ್ನುತ್ತಾರೆ. ನಾನು ಹುಡುಗನ ಕಡೆ. ಹುಟ್ಟಿದಾಗಿನಿಂದ “ಯಾರ ಮಗನಪ್ಪ ನೀನು?” ಎಂಬ ಪ್ರಶ್ನೆಗೇ ಉತ್ತರ ಕೊಟ್ಟು ಬೆಳೆದವನನ್ನು ಬೆಂಗಳೂರಿನ ಏಸಿ ಕೋಣೆಯಲ್ಲಿ ಕೂರಿಸಿ, “ಅಪ್ಪನ್ನ ಬಿಡು, ನೀನ್ಯಾರು ಹೇಳು” ಎಂದರೆ ಏನು ಮಾಡಿಯಾನು? ನೆಂಟರ ಮುಂದೆ “ನಾನೇ ಕ್ಲಾಸಿಗೆ ಫಸ್ಟು” ಎಂದು ಬಾಯಿಬಿಟ್ಟಾಗ ಅಜ್ಜಿ ತೊಡೆ ಚಿವುಟಿದ್ದು ಅವನಿಗೆ ಇನ್ನೂ ಉರಿಯುತ್ತಿರುತ್ತದೆ.

ಅಜ್ಜಿ ಸುಮ್ಮನೆ ಚಿವುಟಿದ್ದಲ್ಲ. ಆಕೆಗೆ ಕರ್ಣಪರ್ವದ ಆಧಾರವಿದೆ. ಕರ್ಣನ ಬಾಣದ ಪೆಟ್ಟು ತಿಂದು ಬಿಡಾರಕ್ಕೆ ಬಂದು ಮಲಗಿದ ಧರ್ಮರಾಯ, ಸಿಟ್ಟಿನಲ್ಲಿ ಅರ್ಜುನನಿಗೆ “ನಿನ್ನ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಡು” ಅಂದುಬಿಡುತ್ತಾನೆ. ಹಾಗಂದವರ ತಲೆ ತೆಗೆಯುತ್ತೇನೆಂಬುದು ಅರ್ಜುನನ ಶಪಥ. ಕತ್ತಿ ಹಿರಿದೇಬಿಟ್ಟ. ಹಿರಿಯರನ್ನು ಏಕವಚನದಲ್ಲಿ ಬೈದರೆ ಕೊಂದಂತೆಯೇ ಎಂದು ಕೃಷ್ಣ ದಾರಿ ತೋರಿಸಿದ. ಅಣ್ಣನನ್ನು ಬೈದಾಯಿತು. ಬೈದ ಪಾಪಕ್ಕೆ ಈಗ ತಾನೇ ಸಾಯುತ್ತೇನೆಂದು ಅರ್ಜುನ ಮತ್ತೆ ಕತ್ತಿಗೆ ಕೈ ಹಾಕಿದ. ಆಗ ಕೃಷ್ಣ ಹೇಳಿದ್ದು: ಸಾಯುವುದೇನೂ ಬೇಡ, ನಿನ್ನನ್ನು ನೀನೇ ಹೊಗಳಿಕೋ, ಎರಡೂ ಒಂದೇ. ಅರ್ಜುನ ಎದ್ದು ನಿಂತು, ಶಿವನೊಬ್ಬನನ್ನು ಬಿಟ್ಟರೆ ನನ್ನಂಥ ಬಿಲ್ಲುಗಾರ ಇನ್ನೊಬ್ಬನಿಲ್ಲ ಎಂದು ಶುರು ಹಚ್ಚಿಕೊಂಡ.

ಇಂದಿನ ಯಾವ ಕಂಪನಿಯಾದರೂ ಆ ಉತ್ತರಕ್ಕೆ ಅಲ್ಲೇ ಆಫರ್ ಲೆಟರ್ ಕೊಡುತ್ತಿತ್ತು. ನಮ್ಮ ಶಾಸ್ತ್ರದ ಪ್ರಕಾರ ಮಾತ್ರ ಅವನು ಅಲ್ಲಿಗೆ ಸತ್ತ.

ಆದರೆ ಇಂಟರ್‌ವ್ಯೂ ಎಂದರೇನೆಂದು ಪಾಂಡವರಿಗೆ ಗೊತ್ತಿರಲಿಲ್ಲ ಎನ್ನಬೇಡಿ. ಇಡೀ ಸಂಸಾರ ಒಂದೇ ಕಡೆ ಸೆಲೆಕ್ಟ್ ಆದದ್ದು ವಿರಾಟನ ಅರಮನೆಯಲ್ಲಿ. ಅವರ ತಯಾರಿ ನೋಡಿ: ಒಳಗೆ ಹೋಗುವ ಮೊದಲೇ ಯಾರು ಯಾವ ಹುದ್ದೆ ಕೇಳಬೇಕು, ಹೆಸರು ಏನು ಹೇಳಬೇಕು ಎಂದು ಕೂತು ಮಾತಾಡಿಕೊಂಡರು. ಜೊತೆಯಾಗಿ ಹೋಗದೆ ಬೇರೆ ಬೇರೆ ಹೋದರು. ಅಡುಗೆಯ ವಲಲನಿಂದ ಕುದುರೆ ಲಾಯದವನವರೆಗೆ, ಹಿಂದೆ ಎಲ್ಲಿದ್ದೆ ಎಂದು ಕೇಳಿದಾಗ ಒಂದೇ ಮಾತು: ಧರ್ಮರಾಯನ ಹತ್ತಿರ. ಸ್ವತಃ ಧರ್ಮರಾಯನೂ, ಕಂಕಭಟ್ಟನ ವೇಷದಲ್ಲಿ, ತಾನು ಧರ್ಮರಾಯನ ಸ್ನೇಹಿತ ಎಂದ. ತನಗೆ ತಾನೇ ರೆಫರೆನ್ಸ್ ಕೊಟ್ಟುಕೊಂಡ ಮೊದಲ ಅಭ್ಯರ್ಥಿ ಬಹುಶಃ ಅವನೇ, ಅದೂ ಸತ್ಯವಂತ ಎಂಬ ಬಿರುದು ಇಟ್ಟುಕೊಂಡು.

ವಿರಾಟನೂ ಪುಣ್ಯಾತ್ಮ. ಹನ್ನೆರಡು ವರ್ಷ ವನವಾಸದಲ್ಲಿದ್ದವರನ್ನು “ಈ ಗ್ಯಾಪ್ ಯಾಕೆ?” ಎಂದು ಕೇಳಲಿಲ್ಲ. ಈಗಿನವರು ಆರು ತಿಂಗಳ ಗ್ಯಾಪಿಗೆ ಹುಬ್ಬೇರಿಸುತ್ತಾರೆ. ಅಂದಹಾಗೆ ಆ ಅರಮನೆಯಲ್ಲಿ ಇಂಟರ್‌ವ್ಯೂ ಇಲ್ಲದೆ ಯುದ್ಧಕ್ಕೆ ಹೊರಟವನು ರಾಜನ ಮಗ ಉತ್ತರಕುಮಾರ ಒಬ್ಬನೇ. ಅಂತಃಪುರದಲ್ಲಿ ಅವನು ಕೊಚ್ಚಿಕೊಂಡಿದ್ದೇನು, ಕೌರವಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ್ದೇನು! ಅವನ ವಂಶಸ್ಥರು ಇವತ್ತಿಗೂ ಅನೇಕ ಆಫೀಸುಗಳಲ್ಲಿ ದೊಡ್ಡ ಕ್ಯಾಬಿನ್ನಿನಲ್ಲಿದ್ದಾರೆ.

ಇರಲಿ. ನಮ್ಮ ಹುಡುಗನಿಗೆ ಕೃಷ್ಣನಿಲ್ಲ, ವಿಜಯನಗರದ ಕೋಚಿಂಗ್ ಸೆಂಟರ್ ಇದೆ. ಧಾರವಾಡದವನಾದರೆ ಸಪ್ತಾಪುರ. ಅಲ್ಲಿ ಅವನ ಅಜ್ಜಿ ಕಲಿಸಿದ್ದನ್ನೆಲ್ಲ ಮರೆಸಿ ಮಾಕ್ ಇಂಟರ್‌ವ್ಯೂ ಮಾಡುತ್ತಾರೆ. “ನಿನ್ನ ದೌರ್ಬಲ್ಯವೇನು?” ಎಂದರೆ ನಿಜವಾದ ಉತ್ತರ, “ಮಧ್ಯಾಹ್ನ ಅನ್ನ ಉಂಡರೆ ಮೂರರವರೆಗೆ ಕಣ್ಣು ಬಿಡಕ್ಕಾಗಲ್ಲ ಸಾರ್.” ಕಲಿಸಿದ ಉತ್ತರ, “ಐ ಆಮ್ ಎ ಪರ್ಫೆಕ್ಷನಿಸ್ಟ್.” ಅದೇ ಪರ್ಫೆಕ್ಷನಿಸ್ಟನ ರೆಸ್ಯೂಮೆಯಲ್ಲಿ ‘ಮ್ಯಾನೇಜ್‌ಮೆಂಟ್’ ಎಂಬ ಪದದ ಕಾಗುಣಿತ ಎರಡು ಕಡೆ ಎರಡು ಥರ ಇರುತ್ತದೆ. “ನಮ್ಮ ಕಂಪನಿಯೇ ಯಾಕೆ?” ಮನಸ್ಸಿನೊಳಗೆ: ನಿಮ್ಮದು ಮೆಟ್ರೋ ಸ್ಟೇಷನ್ ಪಕ್ಕದಲ್ಲಿದೆ, ಸಿಲ್ಕ್ ಬೋರ್ಡ್ ದಾಟಬೇಕಿಲ್ಲ. ಬಾಯಲ್ಲಿ: ನಿಮ್ಮ ಮೌಲ್ಯಗಳು. “ಐದು ವರ್ಷದ ನಂತರ ಎಲ್ಲಿರುತ್ತೀರಿ?” ಇದನ್ನು ಕೇಳುವವರೇ ನೋಟಿಸ್ ಪೀರಿಯಡ್‌ನಲ್ಲಿರುವುದುಂಟು.

ಹವ್ಯಾಸದ ಕಾಲಂ ಮಾತ್ರ ಹುಷಾರಾಗಿ ತುಂಬಬೇಕು. ಎಲ್ಲರೂ ‘ಪುಸ್ತಕ ಓದುವುದು’ ಎಂದು ಬರೆಯುತ್ತಾರೆ. ಯಾವುದು ಓದಿದ್ದೀರಿ ಎಂದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎನ್ನುತ್ತಾರೆ. ದಪ್ಪ ಪುಸ್ತಕ, ಎದುರಿಗಿರುವವರೂ ಓದಿರಲಿಕ್ಕಿಲ್ಲ ಎಂಬ ಧೈರ್ಯ. ಪ್ಯಾನೆಲ್‌ನಲ್ಲಿ ಯಾರೋ ಒಬ್ಬರು ಮಲೆನಾಡಿನವರು ಕನ್ನಡಕದ ಮೇಲಿನಿಂದ ನೋಡಿ, “ಗುತ್ತಿಯ ನಾಯಿ ಹೆಸರೇನಪ್ಪಾ?” ಅನ್ನುತ್ತಾರೆ. ಹುಲಿಯ ಎಂದು ಗೊತ್ತಿಲ್ಲದವನು ಆ ಕ್ಷಣ ನಿಜವಾದ ಹುಲಿಯೇ ಎದುರು ಬಂದರೂ ಇಷ್ಟು ಬೆವರಲಾರ. ಯುಪಿಎಸ್‌ಸಿಯ ಒಟ್ಟು 2025 ಅಂಕಗಳಲ್ಲಿ 275 ಇಂಥ ಮಾತುಕತೆಗೇ ಮೀಸಲು. ಸದ್ಯ ಕೇಂದ್ರ ಸರ್ಕಾರ ಗೆಜೆಟೆಡ್ ಅಲ್ಲದ ‘ಬಿ’ ಗುಂಪಿನ ಹುದ್ದೆಗಳಿಗೂ ‘ಸಿ’, ‘ಡಿ’ ಹುದ್ದೆಗಳಿಗೂ ಇಂಟರ್‌ವ್ಯೂವನ್ನೇ 2016ರ ಜನವರಿಯಿಂದ ತೆಗೆದುಹಾಕಿತು. ಮಾತು ಬಾರದ ಜಾಣರ ಜೊತೆಗೆ, ವಶೀಲಿಗೆ ಅಲೆದು ಚಪ್ಪಲಿ ಸವೆಸಿದ ಅಪ್ಪಂದಿರೂ ಆ ಆಜ್ಞೆಗೆ ಕೈ ಮುಗಿದಿರಬೇಕು.

ಕೇಳುವವರೇನು ಕಮ್ಮಿಯೇ? ಅಮೆರಿಕದ ಎಡಿಸನ್ ಕೆಲಸ ಕೇಳಿ ಬಂದವರಿಗೆ ನೂರೈವತ್ತರ ಆಸುಪಾಸು ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದ. 1921ರಲ್ಲಿ ಅದು ಪತ್ರಿಕೆಗೆ ಸೋರಿಹೋಯಿತು. ಪ್ರಶ್ನೆಪತ್ರಿಕೆ ಲೀಕ್ ಆಗುವುದು ನಮ್ಮಲ್ಲಿ ಮಾತ್ರ ಎಂದು ಕೊರಗುವವರು ಗಮನಿಸಿ. ಆಗ ಬಾಸ್ಟನ್ನಿಗೆ ಬಂದಿದ್ದ ಐನ್‌ಸ್ಟೀನ್‌ಗೆ ಅದರಲ್ಲಿನ ಒಂದು ಪ್ರಶ್ನೆ ಹಾಕಿದರು: ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸಿಗುವುದನ್ನೆಲ್ಲ ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದುಬಿಟ್ಟ. ಅದೇ ಉತ್ತರವನ್ನು ನಮ್ಮ ಹುಡುಗ ಕೊಡಲಿ ನೋಡೋಣ, ಆ್ಯಟಿಟ್ಯೂಡ್ ಸರಿಯಿಲ್ಲ ಎಂದು ಬರೆದುಕೊಳ್ಳುತ್ತಾರೆ.

ಆಮೇಲೆ ಗೂಗಲ್ಲಿನವರು ಬಂದರು. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತದೆ ಎಂದು ಕೇಳುತ್ತಿದ್ದರು. 2013ರಲ್ಲಿ ಅವರ ಎಚ್‌ಆರ್ ಮುಖ್ಯಸ್ಥ ಲ್ಯಾಸ್ಲೋ ಬಾಕ್, ಇಂಥ ಪ್ರಶ್ನೆಗಳೆಲ್ಲ ಶುದ್ಧ ಕಾಲಹರಣ, ಕೇಳುವವನಿಗೆ ತಾನು ಬುದ್ಧಿವಂತ ಅನ್ನಿಸುವುದು ಬಿಟ್ಟರೆ ಏನೂ ಉಪಯೋಗವಿಲ್ಲ ಎಂದು ಒಪ್ಪಿಕೊಂಡ. ಮೊದಲೇ ಯಾರಾದರೂ ಬಿಎಂಟಿಸಿ ಕಂಡಕ್ಟರ್‌ನನ್ನು ಕರೆದು, ಬಸ್ಸಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಬೇಕಿತ್ತು. “ಒಳಗ್ ನಡೀರಿ, ಒಳಗ್ ನಡೀರಿ, ಹಿಂದೆ ಪೂರ್ತಿ ಖಾಲಿ ಇದೆ.” ಅಷ್ಟಕ್ಕೇ ಆ ಪ್ರಶ್ನೆ ಮುಗಿದುಹೋಗುತ್ತಿತ್ತು.

ನನ್ನನ್ನು ಕೇಳಿದರೆ ಅಭ್ಯರ್ಥಿಯನ್ನು ಹೊರಗೆ ಕೂರಿಸಿ ಅವನ ಬಗ್ಗೆ ಬೇರೆಯವರನ್ನು ಕೇಳಬೇಕು. ಹನುಮಂತನಂಥ ಹನುಮಂತನೇ ಸಮುದ್ರದ ದಡದಲ್ಲಿ ಸುಮ್ಮನೆ ಒಂದು ಕಡೆ ಕೂತಿದ್ದ, ಅವನ ಶಕ್ತಿ ಇಷ್ಟಿದೆ ಎಂದು ಎತ್ತಿ ಹೇಳಿದ್ದು ಜಾಂಬವಂತ. ಹಾಸ್ಟೆಲ್ಲಿನ ರೂಂಮೇಟನ್ನೋ ಮೆಸ್ಸಿನ ಭಟ್ಟರನ್ನೋ ಐದು ನಿಮಿಷ ಮಾತಾಡಿಸಿ. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಿದ್ದನೋ ಇಲ್ಲವೋ, ತನ್ನ ತಟ್ಟೆ ತಾನೇ ಎತ್ತುತ್ತಿದ್ದನೋ ಇಲ್ಲವೋ, ಎಲ್ಲ ಹೊರಬರುತ್ತದೆ.

ಈಗಲೂ ಕೇಳುತ್ತಾರೆ, ಆದರೆ ಕೆಲಸ ಕೊಟ್ಟ ಮೇಲೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎಂದು ಏಜೆನ್ಸಿಯವನು ಮನೆ ಹುಡುಕಿಕೊಂಡು ಬರುತ್ತಾನೆ. ಹುಡುಗ ಹೇಳಿದ ಒಂದೊಂದು ಮಾತಿಗೂ ಮಾರ್ಕ್ಸ್ ಕಾರ್ಡು, ಸೀಲು, ಸಹಿ ಬೇಕು. ಹುಡುಗನ ಕೈ ಕುಲುಕಿ “ಎರಡು ದಿನದಲ್ಲಿ ನಾವೇ ಫೋನ್ ಮಾಡ್ತೀವಿ” ಎಂದವರ ಮಾತನ್ನು ವೆರಿಫೈ ಮಾಡುವ ಏಜೆನ್ಸಿ ಎಲ್ಲಾದರೂ ಇದ್ದರೆ ಹೇಳಿ, ಫೀಸು ನಾನು ಕಟ್ಟುತ್ತೇನೆ.